ಬೇಲಿಯ ಅಳತೆ ಒಂದೇ, ಜಮೀನು ಬೇರೆ: ವಜ್ರಾಕೃತಿಯ ಲೆಕ್ಕ



ಕಳೆ ತೆಗೆಸಲು ಎಕರೆವಾರು ಗುತ್ತಿಗೆ ಕೊಡುವಾಗ, ಮನೆಯಲ್ಲಿ ಪಾಲಾಗುವಾಗ, ಪಕ್ಕದ ಜಮೀನು ಕೊಳ್ಳುವಾಗ ನಮ್ಮಲ್ಲಿ ಹಲವರು ಬೇಲಿಯ ನಾಲ್ಕು ಬದಿಗಳನ್ನು ಅಳೆದು ವಿಸ್ತೀರ್ಣ ಹೇಳಿಬಿಡುತ್ತಾರೆ. ನಾಲ್ಕೂ ಬದಿ ಸಮನಾಗಿ ಬಂದರಂತೂ ಸಂಶಯವೇ ಬರುವುದಿಲ್ಲ. ಬದಿಯನ್ನು ಬದಿಯಿಂದ ಗುಣಿಸಿ ಮುಗಿಸುತ್ತಾರೆ. ಈ ಲೆಕ್ಕದಿಂದ ಇಲ್ಲದ ಜಮೀನಿಗೆ ಹಣ ತೆರಬೇಕಾದೀತು. ಹೇಗೆಂದು ನೋಡೋಣ.

ಸಮ ಉದ್ದದ ನಾಲ್ಕು ಬಿದಿರು ಗಳುಗಳ ತುದಿಗಳನ್ನು ಹಗ್ಗದಿಂದ ಕಟ್ಟಿ ಚೌಕ ಮಾಡಿರಿ. ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಹೊರಕ್ಕೆ ಎಳೆಯಿರಿ. ಗಳುಗಳ ಉದ್ದ ಬದಲಾಗಲಿಲ್ಲ. ಆದರೆ ಒಳಗಿನ ಜಾಗ ಕಿರಿದಾಯಿತು. ಹೀಗೆ ಓರೆಯಾದ, ನಾಲ್ಕೂ ಬದಿ ಸಮನಾದ ಆಕೃತಿಯೇ ವಜ್ರಾಕೃತಿ. ಇದರ ಗುಣಗಳು ಇವು:

1. ಎದುರು ಕೋನಗಳು ಸಮ. ಅಕ್ಕಪಕ್ಕದ ಎರಡು ಕೋನಗಳು ಸೇರಿ 180 ಡಿಗ್ರಿ.
2. ಮೂಲೆಯಿಂದ ಮೂಲೆಗೆ ಎಳೆದ ಎರಡು ಕರ್ಣಗಳು ಒಂದನ್ನೊಂದು ಸರಿಯಾಗಿ ಅರ್ಧ ಮಾಡುತ್ತವೆ, ಲಂಬವಾಗಿ ಕತ್ತರಿಸುತ್ತವೆ.
3. ಸುತ್ತಳತೆ ಎಂದರೆ ಬದಿಯ ನಾಲ್ಕರಷ್ಟು.
4. ವಿಸ್ತೀರ್ಣ ಎಂದರೆ ಎರಡು ಕರ್ಣಗಳ ಗುಣಲಬ್ಧದ ಅರ್ಧ.

ಒಂದು ಸರಪಳಿ 66 ಅಡಿ. 10 ಚದರ ಸರಪಳಿಗೆ ಒಂದು ಎಕರೆ. ಎಕರೆಗೆ 40 ಗುಂಟೆ. ಪ್ರತಿ ಬದಿ 5 ಸರಪಳಿ ಇರುವ ಮೂರು ತೋಟಗಳನ್ನು ತೆಗೆದುಕೊಳ್ಳೋಣ. ಮೂರಕ್ಕೂ ಬೇಲಿ 20 ಸರಪಳಿ, ಅಂದರೆ 1,320 ಅಡಿ.

ಮೊದಲನೆಯದು ಚೌಕ: 25 ಚದರ ಸರಪಳಿ, 2 ಎಕರೆ 20 ಗುಂಟೆ.

ಎರಡನೆಯದರ ಗಿಡ್ಡ ಕರ್ಣ 6 ಸರಪಳಿ. ಉದ್ದ ಕರ್ಣದ ದಾರಿಯಲ್ಲಿ ಹಳ್ಳವೋ ಮುಳ್ಳುಪೊದೆಯೋ ಇದ್ದರೆ ಅದನ್ನು ಅಳೆಯಲೇಬೇಕೆಂದಿಲ್ಲ. 6ರ ಅರ್ಧ 3. ಬದಿಯ ವರ್ಗ 25ರಲ್ಲಿ 3ರ ವರ್ಗ 9 ಕಳೆದರೆ 16. ಅದರ ವರ್ಗಮೂಲ 4. ಅದರ ಎರಡರಷ್ಟು 8. ವಿಸ್ತೀರ್ಣ 6 × 8 ÷ 2 = 24 ಚದರ ಸರಪಳಿ, 2 ಎಕರೆ 16 ಗುಂಟೆ. ಕೋನಗಳು ಸುಮಾರು 74 ಮತ್ತು 106 ಡಿಗ್ರಿ.

ಮೂರನೆಯದರ ಗಿಡ್ಡ ಕರ್ಣ 2.8 ಸರಪಳಿ. ಅದೇ ಕ್ರಮದಲ್ಲಿ ಉದ್ದ ಕರ್ಣ 9.6. ವಿಸ್ತೀರ್ಣ 13.44 ಚದರ ಸರಪಳಿ. 1 ಎಕರೆ 14 ಗುಂಟೆಗೆ ತುಸು ಕಡಿಮೆ. ಕೋನಗಳು ಸುಮಾರು 32½ ಮತ್ತು 147½ ಡಿಗ್ರಿ. ಚೌಕಕ್ಕಿಂತ 1 ಎಕರೆ 6 ಗುಂಟೆ ಕಡಿಮೆ, ಬೇಲಿ ಮಾತ್ರ ಅಷ್ಟೇ!

ಕೋನ ತಿಳಿಯಲು ಗಿಡ್ಡ ಕರ್ಣದ ಅರ್ಧವನ್ನು ಬದಿಯಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಸೈನ್ ಕೋಷ್ಟಕದಲ್ಲಿ ನೋಡಿ, ಸಿಕ್ಕ ಕೋನವನ್ನು ಇಮ್ಮಡಿಸಬೇಕು. ಅದು ಚಿಕ್ಕ ಕೋನ.

ಈ ವಿಚಾರ ಹೊಸದಲ್ಲ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ರಚಿಸಿದ 'ಲೀಲಾವತಿ'ಯಲ್ಲಿ ಬದಿ 25 ಇರುವ ಇಂಥದೇ ಕ್ಷೇತ್ರಗಳ ಲೆಕ್ಕವಿದೆ. ಕರ್ಣ ಬದಲಾದಂತೆ ಫಲ 625, 600, 336 ಎಂದು ಬರುತ್ತದೆ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಅವರು ಪಿಶಾಚಿಗೆ ಹೋಲಿಸಿದ್ದಾರೆ. ಉತ್ತರ ಹೇಳುವವನು ಅವನಿಗಿಂತಲೂ ಮಿಗಿಲಂತೆ!

ನಾಟಿಗೂ ಇದೇ ಮಾತು ಅನ್ವಯಿಸುತ್ತದೆ. ಅಡಿಕೆಯನ್ನು 9 ಅಡಿ ಚೌಕದಲ್ಲಿ ಹಾಕಿದರೆ ಗಿಡಕ್ಕೆ 81 ಚದರ ಅಡಿ, ಎಕರೆಗೆ ಸುಮಾರು 538 ಗಿಡ. ಅದೇ 9 ಅಡಿ ಹಗ್ಗದಲ್ಲಿ ಗಿಡ್ಡ ಕರ್ಣವೂ 9 ಅಡಿ ಬರುವಂತೆ ತ್ರಿಕೋನ ಪದ್ಧತಿಯಲ್ಲಿ ಹಾಕಿದರೆ ಕೋನ 60 ಡಿಗ್ರಿ, ಗಿಡಕ್ಕೆ ಸುಮಾರು 70 ಚದರ ಅಡಿ, ಎಕರೆಗೆ ಸುಮಾರು 621 ಗಿಡ. ತಿಳಿದು ಮಾಡಿದರೆ ಅದು ಪದ್ಧತಿ. ಸಾಲು ತಿಳಿಯದೆ ಓರೆಯಾದರೆ ಸಸಿ ಸಾಲದೆ ಬರುತ್ತದೆ, ಗಿಡಗಳೂ ಒತ್ತಾಗುತ್ತವೆ. ಆದ್ದರಿಂದ ಗೂಟ ಹೊಡೆದ ಮೇಲೆ ಎರಡೂ ಕರ್ಣ ಅಳೆಯಿರಿ. 9 ಅಡಿ ಚೌಕದಲ್ಲಿ ಎರಡೂ 12 ಅಡಿ 9 ಅಂಗುಲದ ಹತ್ತಿರ ಇರಬೇಕು.

ಎರಡು ಎಚ್ಚರಿಕೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸದೆ, ಮಟ್ಟವಾಗಿ ಹಿಡಿದು ತುಂಡುತುಂಡಾಗಿ ಅಳೆಯಿರಿ. ಬದಿಗಳು ಸಮನಿಲ್ಲದಿದ್ದರೆ ಈ ಸೂತ್ರ ನಡೆಯದು. ಒಂದು ಕರ್ಣ ಎಳೆದು ಎರಡು ತ್ರಿಕೋನಗಳಾಗಿ ಲೆಕ್ಕ ಮಾಡಬೇಕು. ಈಗ ಮೊಬೈಲಿನಲ್ಲೇ ವಿಸ್ತೀರ್ಣ ನೋಡಬಹುದಾದರೂ ದಟ್ಟ ಮರಗಳಡಿ ಅದು ಹೆಚ್ಚುಕಡಿಮೆ ತೋರಿಸುವುದುಂಟು. ತಾಳೆ ನೋಡಲು ಟೇಪು ಇರಲಿ.

ಶಾಲೆಗೆ ಹೋಗುವ ಮಕ್ಕಳಿಂದ ಈ ಲೆಕ್ಕ ಮಾಡಿಸಿರಿ: ಬದಿ 130 ಅಡಿ, ಗಿಡ್ಡ ಕರ್ಣ 100 ಅಡಿ. ಉತ್ತರ: ಸುತ್ತಳತೆ 520 ಅಡಿ, ಉದ್ದ ಕರ್ಣ 240 ಅಡಿ, ವಿಸ್ತೀರ್ಣ 12,000 ಚದರ ಅಡಿ. ಗುಂಟೆಗೆ 1,089 ಚದರ ಅಡಿಯಂತೆ ಸುಮಾರು 11 ಗುಂಟೆ. ಚೌಕವೆಂದು ಭಾವಿಸಿದ್ದರೆ ಹದಿನೈದೂವರೆ ಗುಂಟೆಗೆ ಹಣ ಎಣಿಸುತ್ತಿದ್ದೆವು.

ಗುತ್ತಿಗೆಯ ಕರಾರು ಬರೆಯುವಾಗ ನಾಲ್ಕು ಬದಿಗಳ ಜೊತೆಗೆ ಒಂದು ಕರ್ಣದ ಅಳತೆಯನ್ನೂ ಬರೆಸುವ ರೂಢಿಯನ್ನು ನಾವೆಲ್ಲರೂ ಹಾಕಿಕೊಳ್ಳೋಣ. ಕೊಡುವವರಿಗೂ ಕೆಲಸ ಮಾಡುವವರಿಗೂ ಅದರಿಂದ ನ್ಯಾಯ ದೊರೆಯುತ್ತದೆ.