ಕಾಲಿನ ಸ್ನಾಯುಗಳು: ಅರಿಯೋಣ, ಬಲಪಡಿಸೋಣ



ಸಭೆ ಮುಗಿದು ಚಾಪೆಯಿಂದ ಏಳುವಾಗ ನಮ್ಮಲ್ಲಿ ಅನೇಕರು ಪಕ್ಕದವರ ಭುಜ ಹಿಡಿಯುತ್ತೇವೆ. "ವಯಸ್ಸಾಯ್ತಲ್ಲ, ಇನ್ನೇನು ಮಾಡೋದು" ಅಂತ ನಕ್ಕು ಸುಮ್ಮನಾಗುತ್ತೇವೆ. ಇದು ನಕ್ಕು ಬಿಡುವ ಮಾತಲ್ಲ. ಇವತ್ತು ಚಾಪೆಯಿಂದ ಏಳಲಾಗದವರಿಗೆ ನಾಳೆ ಬಸ್ಸು ಹತ್ತಲು, ನಾಡಿದ್ದು ಶೌಚಾಲಯದಲ್ಲಿ ಕೂತು ಏಳಲು ಇನ್ನೊಬ್ಬರ ಕೈ ಬೇಕಾಗುತ್ತದೆ. ಬಿದ್ದು ಸೊಂಟದ ಮೂಳೆ ಮುರಿದರಂತೂ ಇಡೀ ಮನೆಯ ದುಡಿಮೆ ನಿಲ್ಲುತ್ತದೆ. ಆದ್ದರಿಂದ ಈ ಸಲ ಕಾಲಿನ ಬಲದ ಬಗ್ಗೆ ತಿಳಿದುಕೊಳ್ಳೋಣ.

ಯಾವ ಸ್ನಾಯು, ಯಾವ ಕೆಲಸ?

ತೊಡೆಯ ಮುಂಭಾಗ: ಇಲ್ಲಿ ನಾಲ್ಕು ಸ್ನಾಯುಗಳ ಒಂದು ಗುಂಪಿದೆ. ಮಡಚಿದ ಮಂಡಿಯನ್ನು ನೇರ ಮಾಡುವುದು ಇದರ ಕೆಲಸ. ಕೂತಲ್ಲಿಂದ ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು ಇದರಿಂದಲೇ.

ತೊಡೆಯ ಹಿಂಭಾಗ: ಇಲ್ಲಿ ಮೂರು ಸ್ನಾಯುಗಳಿವೆ. ಮಂಡಿಯನ್ನು ಮಡಚುತ್ತವೆ.

ಪೃಷ್ಠ: ಶರೀರದ ಅತಿ ದೊಡ್ಡ ಸ್ನಾಯು ಇಲ್ಲಿದೆ. ಬಗ್ಗಿದ ದೇಹವನ್ನು ನೆಟ್ಟಗೆ ನಿಲ್ಲಿಸುತ್ತದೆ.

ಮೀನಖಂಡ: ಹಿಮ್ಮಡಿಯನ್ನು ಎತ್ತಿ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಪ್ರತಿ ಹೆಜ್ಜೆಗೂ ಕಾಲಿನ ರಕ್ತವನ್ನು ಹಿಂಡಿ ಹೃದಯದತ್ತ ಮೇಲಕ್ಕೆ ಕಳುಹಿಸುತ್ತದೆ. ಬಹಳ ಹೊತ್ತು ಒಂದೇ ಕಡೆ ಕೂತರೆ ಪಾದ ಊದಿಕೊಳ್ಳುವುದು ಈ ಕೆಲಸ ನಿಂತಾಗಲೇ.

ಮೊಣಕಾಲಿನ ಕೆಳಗೆ, ಮುಂಭಾಗ: ನಡೆಯುವಾಗ ಕಾಲಿನ ಬೆರಳುಗಳನ್ನು ಮೇಲೆತ್ತುತ್ತದೆ. ಇದು ಸೋತರೆ ಹೊಸಿಲು ಎಡವುತ್ತೇವೆ.

ಬಲ ಏಕೆ ಕುಂದುತ್ತದೆ?

30 ವರ್ಷ ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತದೆ. 60ರ ನಂತರ ಇನ್ನೂ ಬೇಗ. "ಮಂಡಿ ನೋವು, ಓಡಾಡಬೇಡಿ" ಅಂತ ಹಿರಿಯರನ್ನು ಕೂರಿಸಿಬಿಟ್ಟರೆ ತೊಡೆ ಇನ್ನಷ್ಟು ಸೋಲುತ್ತದೆ, ಭಾರ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ.

"ದಿನವಿಡೀ ಗದ್ದೆಯಲ್ಲಿ ದುಡೀತೇವೆ, ನಮಗ್ಯಾಕೆ ವ್ಯಾಯಾಮ?" ಅಂತ ಕೇಳಬಹುದು. ಬಗ್ಗಿ ನಾಟಿ ಮಾಡುವಾಗ ಹೆಚ್ಚಾಗಿ ದಣಿಯುವುದು ಬೆನ್ನು. ತೊಡೆಗೆ ಸ್ವಲ್ಪ ಸ್ವಲ್ಪವೇ ಏರುವ ಭಾರ ಬೇಕು, ಅದು ಅಲ್ಲಿ ಸಿಗುವುದಿಲ್ಲ.

ತಡವಾಯಿತು ಎಂಬುದಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೈಕೆ ಗೃಹದಲ್ಲಿದ್ದ ಸುಮಾರು 90 ವರ್ಷದ ಹಿರಿಯರು 8 ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿದರು. ಅವರ ತೊಡೆಯ ಬಲ ಸರಾಸರಿ ಎರಡು ಪಟ್ಟಿಗೂ ಮೀರಿ ಹೆಚ್ಚಿತು.

ನಾವೇ ಪರೀಕ್ಷಿಸೋಣ

ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಕೈಗಳನ್ನು ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 60ರಿಂದ 64 ವರ್ಷದ ಮಹಿಳೆಯರಿಗೆ 12ಕ್ಕಿಂತ, ಪುರುಷರಿಗೆ 14ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮ

1. ಕುರ್ಚಿಯಿಂದ ಎದ್ದು, ನಿಧಾನವಾಗಿ ಕೂರುವುದು. ಮೊದಮೊದಲು ಕೈ ಊರಿದರೂ ಪರವಾಗಿಲ್ಲ.
2. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, 5 ಎಣಿಸಿ ಇಳಿಸುವುದು. ರೂಢಿಯಾದ ಮೇಲೆ ಅರ್ಧ ಕಿಲೋ ಮರಳಿನ ಚೀಲ ಕಟ್ಟಿಕೊಳ್ಳಿ.
3. ಕಿಟಕಿ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಆಮೇಲೆ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತುವುದು.
4. ಅಂಗಾತ ಮಲಗಿ ಮಂಡಿ ಮಡಚಿ, ಸೊಂಟ ಎತ್ತಿ ಇಳಿಸುವುದು.

ಪ್ರತಿಯೊಂದನ್ನು 8ರಿಂದ 10 ಸಲ ಮಾಡಿ, ಸ್ವಲ್ಪ ದಣಿವಾರಿಸಿಕೊಂಡು ಇನ್ನೊಮ್ಮೆ ಮಾಡಿ. ವಾರಕ್ಕೆ 3 ದಿನ ಸಾಕು, ಆದರೆ ತಪ್ಪಿಸಬೇಡಿ. ಉಸಿರು ಬಿಗಿಹಿಡಿಯಬೇಡಿ. ಊಟದಲ್ಲಿ ಹುರುಳಿ, ಬೇಳೆ, ಕಡಲೆಕಾಯಿ, ಮೊಟ್ಟೆ, ಮೀನು, ಹಾಲು, ಇವುಗಳಲ್ಲಿ ಕೈಗೆಟಕುವುದು ಇರಲಿ.

ಎಚ್ಚರಿಕೆ

ದಣಿದ ಸ್ನಾಯು ಒಂದೆರಡು ದಿನ ನೋಯುವುದು ಸಹಜ. ಆದರೆ ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ, ಒಂದು ಕಾಲಿನ ಬಲ ತಟ್ಟನೆ ಹೋದರೆ, ಎದೆನೋವು ಬಂದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಶಸ್ತ್ರಚಿಕಿತ್ಸೆ ಆದವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಚರ್ಚೆಗೆ

1. ನಮ್ಮ ಸಂಘದಲ್ಲಿ ನೆಲದಿಂದ ಏಳಲು ಕಷ್ಟಪಡುವವರು ಎಷ್ಟು ಮಂದಿ?
2. ಪ್ರತಿ ಸಭೆಯ ಮೊದಲ ಹತ್ತು ನಿಮಿಷ ಈ ವ್ಯಾಯಾಮಕ್ಕೆ ಇಡಬಹುದೇ?
3. ಮನೆಯ ಹಿರಿಯರನ್ನು "ನೀವು ಕೂತಿರಿ" ಎನ್ನುವ ಬದಲು ಜೊತೆಗೆ ನಾಲ್ಕು ಹೆಜ್ಜೆ ನಡೆಸುವವರು ಯಾರು?