ರಾಜನ ತೋಟಕ್ಕೆ ನೀರು ಎಲ್ಲಿಂದ?

ಈ ಪಾಠದಲ್ಲಿ ಒಂದು ತೋಟ ನೋಡೋಣ ಬನ್ನಿ. ತೋಟ ಅಂದ್ರ ದ್ರಾಕ್ಷಿ ತೋಟ, ಬಾಳೆ ತೋಟ ಅಲ್ಲ. ಅಡ್ಡಾಡಲಿಕ್ಕೆ, ಕಣ್ಣಿಗೆ ಚಂದ ಕಾಣಲಿಕ್ಕೆ ಮಾಡಿದ ತೋಟ. ಇದು ಇರುವುದು ಫ್ರಾನ್ಸ್ ದೇಶದಲ್ಲಿ. ಊರಿನ ಹೆಸರು ವರ್ಸಾಯ್. ಪ್ಯಾರಿಸ್ ನಗರದಿಂದ ಸುಮಾರು 20 ಕಿಲೋಮೀಟರ್ ದೂರ. ರೈಲು ಹತ್ತಿದರೆ ಒಂದು ತಾಸಿನ ಒಳಗೆ ಮುಟ್ಟಬಹುದು.

ಮೊದಲು ಅಲ್ಲಿ ರಾಜರು ಬೇಟೆಗೆ ಬಂದಾಗ ಇಳಿಯುವ ಮನೆ ಇತ್ತು. ಸುತ್ತ ಅಡವಿ, ಜೌಳು ನೆಲ. 1661ರಲ್ಲಿ 14ನೇ ಲೂಯಿ ಎಂಬ ರಾಜ ಅಲ್ಲಿ ದೊಡ್ಡ ತೋಟ ಮಾಡಿಸಲು ಹೊರಟ. ಅದಕ್ಕೆ ಒಂದು ಕಾರಣವೂ ಇತ್ತು. ಅವನ ಹಣಕಾಸಿನ ಮಂತ್ರಿ ಫೂಕೆ ಎಂಬವನು ತನಗಾಗಿ ಬಹಳ ಚಂದದ ತೋಟ ಮಾಡಿಸಿದ್ದ. ಆ ವರ್ಷ ಆಗಸ್ಟ್ 17ರಂದು ರಾಜನನ್ನೇ ಕರೆದು ಅಲ್ಲಿ ಊಟ ಹಾಕಿಸಿದ. ಮೂರು ವಾರ ಕಳೆಯುವುದರೊಳಗೆ ಫೂಕೆ ಸೆರೆಮನೆ ಸೇರಿದ! ಅವನನ್ನು ಹಿಡಿಸುವ ವಿಚಾರ ರಾಜನಿಗೆ ಮೊದಲೇ ಇತ್ತು. ಆ ಊಟ ಹೊಟ್ಟೆಯುರಿ ಹೆಚ್ಚಿಸಿತು, ಅಷ್ಟೇ. ಫೂಕೆ 1680ರಲ್ಲಿ ಸೆರೆಮನೆಯಲ್ಲೇ ಸತ್ತ. ಅವನ ತೋಟ ಮಾಡಿದ್ದ ಲೆ ನೋತ್ರ್‌ನನ್ನು ರಾಜ ವರ್ಸಾಯ್ ಕೆಲಸಕ್ಕೆ ಹಚ್ಚಿದ.

ಲೆ ನೋತ್ರ್ ಮಾಲಿಗಳ ಮನೆತನದವನು. ಅವನ ಅಪ್ಪ, ಅಜ್ಜ ಇಬ್ಬರೂ ಪ್ಯಾರಿಸಿನ ರಾಜತೋಟದಲ್ಲಿ ದುಡಿದವರು. ವರ್ಸಾಯ್ ಕೆಲಸ ಸುಮಾರು 40 ವರ್ಷ ನಡೆಯಿತು.

ಈಗ ಒಳಗೆ ಹೋಗೋಣ. ಅರಮನೆಗೆ ಬೆನ್ನು ಮಾಡಿ ನಿಲ್ಲಿ. ನೋಟ ನೇರ ಹೋಗುತ್ತದೆ, ಎಲ್ಲಿಯೂ ತಡೆ ಇಲ್ಲ. ಹಾದಿ ನೇರ, ಮರದ ಸಾಲು ನೇರ. ಗಿಡಗಳನ್ನು ಗೋಡೆಯ ಹಾಗೆ ಕತ್ತರಿಸಿ ನಿಲ್ಲಿಸಿದ್ದಾರೆ. ಕೊನೆಯಲ್ಲಿ ಒಂದು ಕಾಲುವೆ. ಅದರ ಉದ್ದ 1,670 ಮೀಟರ್. ಕೆಲವರಿಗೆ ಇದು ಬಹಳ ಚಂದ. ಇನ್ನು ಕೆಲವರು, "ಗಿಡಗಳನ್ನು ಸಿಪಾಯಿಗಳ ಹಾಗೆ ನಿಲ್ಲಿಸಿದ್ದಾರಲ್ಲ!" ಅನ್ನುತ್ತಾರೆ. ಎರಡೂ ಮಾತು ಖರೇ.

ತೋಟವನ್ನು ಹೇಗೆ ನೋಡಬೇಕು ಎಂದು ರಾಜ ತಾನೇ ಬರೆದಿಟ್ಟಿದ್ದಾನೆ. ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು, ಮುಂದೆ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿದೆ. ಅದನ್ನು ಹಿಡಿದುಕೊಂಡು ಇವತ್ತಿಗೂ ಅಡ್ಡಾಡಬಹುದು. ಓದು ಬಂದವರಿಗೆ ದಾರಿ ತೋರಿಸಲು ಬೇರೆಯವರು ಬೇಕಾಗಿಲ್ಲ, ನೋಡ್ರಿ.

ಮೆಟ್ಟಿಲು ಇಳಿದರೆ ಒಂದು ದೊಡ್ಡ ಕಾರಂಜಿ ಸಿಗುತ್ತದೆ. ನಡುವೆ ಒಬ್ಬ ತಾಯಿ, ಇಬ್ಬರು ಮಕ್ಕಳು. ಸುತ್ತಲೂ ಕಪ್ಪೆಗಳು. ಏನು ಇದರ ಕಥೆ? ತಾಯಿಯ ಹೆಸರು ಲಟೋನಾ. ಬಾಯಾರಿ ಒಂದು ಹೊಂಡಕ್ಕೆ ಬಂದಳು. ಅಲ್ಲಿಯ ರೈತರು ನೀರು ಕುಡಿಯಗೊಡಲಿಲ್ಲ. ಹೊಂಡಕ್ಕೆ ಇಳಿದು ಕೆಸರು ಕದಡಿದರು. ಅವಳ ಶಾಪದಿಂದ ಅವರೆಲ್ಲ ಕಪ್ಪೆಯಾದರು. ಇದು ಯುರೋಪಿನ ಹಳೆಯ ಪುರಾಣ ಕಥೆ.

ನೀರಿನ ಕಥೆ ಈ ಕಾರಂಜಿಯಲ್ಲಿ ಇದೆ. ಆದರೆ ಇದಕ್ಕೆ ಹಾಯಿಸಲು ನೀರು ಎಲ್ಲಿತ್ತು?

ರಾಜನ ಹತ್ತಿರ ಹಣ ಇತ್ತು, ಆಳು ಇದ್ದರು. ನೀರು ಮಾತ್ರ ಇರಲಿಲ್ಲ. ವರ್ಸಾಯ್ ಹತ್ತಿರ ದೊಡ್ಡ ಹೊಳೆ ಇಲ್ಲ. ಕಾರಂಜಿ ಹಾರಬೇಕಾದರೆ ನೀರು ಎತ್ತರದಲ್ಲಿ ಇರಬೇಕು. ನಿಮ್ಮ ಊರಿನ ನೀರಿನ ಟಾಕಿ ನೆನಪು ಮಾಡಿಕೊಳ್ಳಿ. ಟಾಕಿ ಮೇಲೆ ಇದ್ದರೆ ನಳದಲ್ಲಿ ನೀರು ಜೋರಾಗಿ ಬರುತ್ತದೆ. ಅಲ್ಲಿಯೂ ಹಾಗೆಯೇ. ಎತ್ತರದಲ್ಲಿ ನೀರು ತುಂಬಿಡಬೇಕು, ಅದು ಪೈಪಿನಲ್ಲಿ ಇಳಿದು ಸಣ್ಣ ಬಾಯಿಯಿಂದ ಮೇಲೆ ಹಾರಬೇಕು. ಆಗ ಕರೆಂಟ್ ಇರಲಿಲ್ಲ. ಗಾಳಿಯಿಂದ ತಿರುಗುವ ಗಾಲಿ ಕಟ್ಟಿದರು. ಕುದುರೆ ತಿರುಗಿಸಿ ನೀರು ಎತ್ತಿದರು. ಎತ್ತರದ ಬಯಲಲ್ಲಿ ಕೆರೆ ತೋಡಿ ಮಳೆ ನೀರು ಹಿಡಿದರು. ಆದರೂ ಸಾಲಲಿಲ್ಲ.

ಆಮೇಲೆ ಸೇನ್ ನದಿಗೆ ಕೈ ಹಾಕಿದರು. ಮಾರ್ಲಿ ಎಂಬಲ್ಲಿ 1681ರಿಂದ 1684ರವರೆಗೆ ಒಂದು ದೊಡ್ಡ ಯಂತ್ರ ಕಟ್ಟಿದರು. ಹೊಳೆಯಲ್ಲಿ 14 ಗಾಲಿ. ಒಂದೊಂದು ಗಾಲಿ ಮೂರು ಅಂತಸ್ತಿನ ಮನೆಯಷ್ಟು ಎತ್ತರ! ಅವು 200ಕ್ಕಿಂತ ಹೆಚ್ಚು ಪಂಪುಗಳನ್ನು ನಡೆಸುತ್ತಿದ್ದವು. ನೀರು 150 ಮೀಟರಿಗಿಂತ ಮೇಲೆ ಏರುತ್ತಿತ್ತು. ಸದ್ದು ಜೋರು, ರಿಪೇರಿ ಯಾವಾಗಲೂ.

ಇಷ್ಟಾದರೂ ಎಲ್ಲ ಕಾರಂಜಿಯನ್ನು ದಿನವಿಡೀ ಹಾರಿಸಲು ಆಗಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದರು. ರಾಜ ತೋಟಕ್ಕೆ ಬಂದಾಗ ಕಾರಂಜಿಯ ಆಳುಗಳು ಸಿಳ್ಳೆ ಹೊಡೆದು ಒಬ್ಬರಿಗೊಬ್ಬರು ತಿಳಿಸುತ್ತಿದ್ದರು. ರಾಜ ಹತ್ತಿರ ಬಂದಾಗ ಮುಂದಿನದು ಚಾಲೂ. ದಾಟಿ ಹೋದ ಮೇಲೆ ಹಿಂದಿನದು ಬಂದ್!

1685ರಲ್ಲಿ ರಾಜ ಇನ್ನೂ ದೊಡ್ಡ ಕೆಲಸ ಹಿಡಿದ. ಯೂರ್ ಎಂಬ ಹೊಳೆಯ ನೀರನ್ನು ಸುಮಾರು 80 ಕಿಲೋಮೀಟರ್ ದೂರದಿಂದ ಕಾಲುವೆಯಲ್ಲಿ ತರಬೇಕು. ಸಾವಿರಾರು ಸಿಪಾಯಿಗಳನ್ನು ಮಣ್ಣು ಅಗೆಯಲು ಹಚ್ಚಿದರು. ಜೌಳು ನೆಲದಲ್ಲಿ ಜ್ವರ ಹತ್ತಿ ಬಹಳ ಮಂದಿ ಸತ್ತರು. 1688ರಲ್ಲಿ ಯುದ್ಧ ಬಂತು. ಕೆಲಸ ನಿಂತಿತು. ಆ ಹೊಳೆಯ ನೀರು ವರ್ಸಾಯ್‌ಗೆ ಬರಲೇ ಇಲ್ಲ. ಮಾಂತೆನೋಂ ಎಂಬ ಊರಿನಲ್ಲಿ ಅರ್ಧಕ್ಕೆ ಬಿಟ್ಟ ಕಮಾನುಗಳು ಈಗಲೂ ನಿಂತಿವೆ. ವರ್ಸಾಯ್ ನೋಡಿದವರು ಇದನ್ನೂ ನೋಡಬೇಕು. ತೋಟದ ಚಂದ ಹೇಳುವಾಗ ಈ ಸಿಪಾಯಿಗಳ ಮಾತು ಬಿಡಬಾರದು.

ರಾಜನ ಕಾಯಿಪಲ್ಲೆ ತೋಟ ಹತ್ತಿರದಲ್ಲೇ ಇದೆ. ರೈತರಿಗೆ ಇದು ಹೆಚ್ಚು ಹಿಡಿಸುತ್ತದೆ. ವಿಸ್ತೀರ್ಣ ಸುಮಾರು 22 ಎಕರೆ. ಕ್ಯಾಂತಿನಿ ಎಂಬವನು ಮಾಡಿದ್ದು. ಅವನು ಓದಿದ್ದು ವಕೀಲಿ, ಹಿಡಿದದ್ದು ತೋಟಗಾರಿಕೆ. ನಾರುವ ಜೌಳಿಗೆ ಬೇರೆ ಕಡೆಯ ಮಣ್ಣು ಹಾಕಿಸಿದ. ಅಲ್ಲಿ ಚಳಿ ಬಹಳ. ಅದಕ್ಕೆ ಎತ್ತರದ ಗೋಡೆ ಕಟ್ಟಿಸಿ, ಹಣ್ಣಿನ ಗಿಡಗಳನ್ನು ಗೋಡೆಗೆ ಹಬ್ಬಿಸಿದ. ಹಗಲು ಗೋಡೆ ಕಾಯುತ್ತದೆ, ರಾತ್ರಿ ಆ ಬಿಸಿ ಗಿಡಕ್ಕೆ ಸಿಗುತ್ತದೆ. ರಾಜನಿಗೆ ಪ್ರೀತಿಯ ಹಣ್ಣು ಅಂಜೂರ. ಈಗಲೂ ಅಲ್ಲಿ ಹಣ್ಣು, ಕಾಯಿಪಲ್ಲೆ ಬೆಳೆಯುತ್ತಾರೆ.

ವರ್ಸಾಯ್‌ಗೆ ಕನ್ನಡ ನಾಡಿನಿಂದಲೂ ಮಂದಿ ಹೋಗಿದ್ದರು. ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ಅಲ್ಲಿ 16ನೇ ಲೂಯಿಯನ್ನು ಕಂಡರು. ಮರುವರ್ಷ ಅಕ್ಟೋಬರಿನಲ್ಲಿ ಪ್ಯಾರಿಸಿನ ಹೆಂಗಸರು ರೊಟ್ಟಿ ಕೇಳುತ್ತ ವರ್ಸಾಯ್‌ವರೆಗೆ ನಡೆದು ಬಂದರು. ರಾಜ ಅವರೊಂದಿಗೆ ಪ್ಯಾರಿಸಿಗೆ ಹೋಗಬೇಕಾಯಿತು. ತಿರುಗಿ ವರ್ಸಾಯ್‌ನಲ್ಲಿ ಬಾಳಲಿಲ್ಲ.

ಈಗ ಆ ತೋಟದಲ್ಲಿ ಯಾರು ಬೇಕಾದರೂ ಅಡ್ಡಾಡಬಹುದು. ಕಾರಂಜಿ ಹಾರಿಸುವ ದಿನ ಟಿಕೀಟು ತೆಗೆಸಬೇಕು. ಅಂಥ ದಿನಗಳು ಹೆಚ್ಚಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಹಾರಿದ ನೀರು ಕಾಲುವೆಗೆ ಹೋಗುತ್ತದೆ. ಅಲ್ಲಿಂದ ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ.

ನೀವೇ ಬರೆಯಿರಿ

ರೈತರು ಕಪ್ಪೆಯಾದದ್ದು ಯಾಕೆ? ಎರಡು ಸಾಲು ಬರೆಯಿರಿ.

ದೊಡ್ಡ ಕಾಲುವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮರಳಿ ಬಂದರೆ ಎಷ್ಟು ಮೀಟರ್ ನಡೆದಂತೆ?

ನಿಮ್ಮ ಊರಿಗೆ ನೀರು ಎಲ್ಲಿಂದ ಬರುತ್ತದೆ? ಕಾಲುವೆ, ಬಾವಿ, ಕೆರೆ ತೋಡಿದವರು ಯಾರು? ಹಿರಿಯರನ್ನು ಕೇಳಿ ಬರೆಯಿರಿ.