ಕಡಲು ನಿಮ್ಮ ಟೈಮ್‌ಟೇಬಲ್ ನೋಡುವುದಿಲ್ಲ

ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಸೇರಿ ಅಂಡಮಾನಿಗೆ ಹೋಗಿಬರೋಣ ಅಂತ ತೀರ್ಮಾನ ಮಾಡಿದ್ದೀರಾ? ಸಂತೋಷ. ಅಜ್ಜಿ, ತಾತ, ಅಳಿಯ, ಸೊಸೆ, ಮೊಮ್ಮಕ್ಕಳು ಒಂದೇ ಕಡೆ ನಾಲ್ಕು ದಿನ ಕೂತು ಮಾತಾಡುವುದು ಈಗ ಮದುವೆ ಮನೆಯಲ್ಲೂ ಸಾಧ್ಯವಾಗುತ್ತಿಲ್ಲ. ಆದರೆ ನೀವು ಹಾಕಿಕೊಳ್ಳುವ ಪಟ್ಟಿ ಎಂಥದೆಂದು ನನಗೆ ಗೊತ್ತು. ಐದು ದಿನಕ್ಕೆ ಮೂರು ದ್ವೀಪ, ದಿನಕ್ಕೆ ನಾಲ್ಕು ಜಾಗ, ನಡುವೆ ಎರಡು ಹಡಗು. ಅದನ್ನು ಬದಿಗಿಟ್ಟು ಸ್ವಲ್ಪ ಈ ಕಡೆ ಕಿವಿ ಕೊಡಿ.

ಮೊದಲು ತಿಂಗಳು ಗೊತ್ತು ಮಾಡಿ, ಟಿಕೆಟ್ ಮಾತು ಆಮೇಲೆ. ದಸರಾ ರಜೆಗೇ ಆಗಲಿ ಅನ್ನುವವರು ಬಹಳ. ಬೇಡ. ಮುಂಗಾರು ಕೇರಳ ಮುಟ್ಟುವ ಮೊದಲೇ, ಮೇ ಮೂರನೇ ವಾರದ ಸುಮಾರಿಗೆ ಅಂಡಮಾನ್ ಕಡಲಿಗೆ ಬಂದಿಳಿದಿರುತ್ತದೆ. ಅದು ವಾಪಸಾಗುವ ಹೊತ್ತಿಗೆ ಹಿಂಗಾರಿನ ಸರದಿ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ರೇಡಿಯೋದಲ್ಲಿ ಕೇಳುತ್ತೀರಲ್ಲ, ಆ ಕೊಲ್ಲಿಯ ನಡುವೆಯೇ ನೀವು ಮಕ್ಕಳನ್ನು ಕಟ್ಟಿಕೊಂಡು ಕೂತಿರುತ್ತೀರಿ. ಡಿಸೆಂಬರ್ ಕೊನೆಗೆ ಹವೆ ಚೆನ್ನಾಗಿರುತ್ತದೆ, ನಿಜ. ಆದರೆ ಅರ್ಧ ದೇಶವೇ ಅಲ್ಲಿರುತ್ತದೆ, ರೂಮಿನ ಬಾಡಿಗೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಡಲು ಶಾಂತ, ನೀರು ತಿಳಿ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಏಪ್ರಿಲ್ ನಡುವಿನ ದಿನಗಳೇ ಸರಿ. ಪರೀಕ್ಷೆ ಮುಗಿದಿರುತ್ತದೆ, ಮಳೆ ಇನ್ನೂ ಬಂದಿರುವುದಿಲ್ಲ. ಸೆಕೆ ಇದ್ದೇ ಇರುತ್ತದೆ. ನೀರಿಗಿಳಿಯಲು ಹೋಗುವವರು ಸೆಕೆಗೆ ಗೊಣಗಬಾರದು. ಗಾಳಿ ಬಂದಾಗ ತೂರಿಕೋ ಅಂದಿದ್ದಾರೆ ಹಿರಿಯರು.

ಟಿಕೆಟ್ ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ನೇರ ವಿಮಾನವಿದೆ, ಎರಡೂವರೆ, ಮೂರು ಗಂಟೆಯ ಹಾದಿ. ವಿಮಾನ ಇಳಿಯುವ ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ್, ನೀಲ್ ಈಗ ಶಹೀದ್ ದ್ವೀಪ್. ಅವು 2018ರಲ್ಲೇ ಬದಲಾದವು. ಹೋಟೆಲಿನವರು ಒಂದು ಹೆಸರು ಹೇಳಿ ಹಡಗಿನ ಚೀಟಿಯಲ್ಲಿ ಇನ್ನೊಂದಿದ್ದರೆ ಗಾಬರಿಯಾಗಬೇಡಿ, ಎರಡೂ ಒಂದೇ ಊರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಅಭ್ಯಾಸ ಮಾತ್ರ ಬಿಡಿ. ಭಾವನಿಗೆ ರಜೆ ಸಿಕ್ಕಿತೋ ಇಲ್ಲವೋ, ಮಗಳ ಪ್ರಾಕ್ಟಿಕಲ್ ಪರೀಕ್ಷೆ ಯಾವಾಗಲೋ ಕೇಳದೆ, ಅಗ್ಗಕ್ಕೆ ಸಿಕ್ಕಿತೆಂದು ದುಡ್ಡು ವಾಪಸ್ ಬರದ ಟಿಕೆಟ್ ಹತ್ತು ಕೊಂಡುಬಿಡುತ್ತೀರಿ. ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಮುನಿಸು. ಎಲ್ಲರ ಬಾಯಲ್ಲೂ ಹೂಂ ಅನ್ನಿಸಿ, ಆಮೇಲೆ ದುಡ್ಡು ಕಟ್ಟಿ.

ಈಗ ಮುಖ್ಯ ಮಾತು. ಅಲ್ಲಿ ನಿಮ್ಮ ದಿನಚರಿ ಬರೆಯುವುದು ನೀವಲ್ಲ, ಕಡಲು. ಶ್ರೀ ವಿಜಯಪುರಂನಿಂದ ಹ್ಯಾವ್‌ಲಾಕಿಗೆ ಹಡಗಿನಲ್ಲೇ ಹೋಗಬೇಕು. ಖಾಸಗಿ ಕ್ಯಾಟಮರಾನ್ ಒಂದೂವರೆ, ಎರಡು ಗಂಟೆ ತೆಗೆದುಕೊಂಡರೆ ಸರ್ಕಾರಿ ಹಡಗು ಇನ್ನೂ ನಿಧಾನ. ಗಾಳಿ ಜೋರಾದರೆ ಎರಡೂ ನಿಲ್ಲುತ್ತವೆ. ಆಗ ಕೌಂಟರಿನಲ್ಲಿ ಕೂತ ಹುಡುಗನ ಮೇಲೆ ಕೂಗಾಡಿ ಏನು ಬಂತು? ಅದಕ್ಕೇ ಹೇಳುವುದು, ಕೊನೆಯ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಬೇಕು. ಬೆಳಗಿನ ಹಡಗು ಹತ್ತಿ ಅದೇ ದಿನ ವಿಮಾನ ಹಿಡಿಯುತ್ತೇನೆ ಅನ್ನುವವರನ್ನು ನಾನು ಬುದ್ಧಿವಂತರ ಸಾಲಿಗೆ ಸೇರಿಸುವುದಿಲ್ಲ. ಆ ದಿನ ಸುಮ್ಮನೆ ಹೋಗುವುದೂ ಇಲ್ಲ. ಸೆಲ್ಯುಲಾರ್ ಜೈಲು ಅಲ್ಲೇ ಇದೆ. 1906ರಲ್ಲಿ ಕಟ್ಟಿ ಮುಗಿದ ಆ ಒಂಟಿ ಕೋಣೆಗಳನ್ನು ಮಕ್ಕಳು ನೋಡಲೇಬೇಕು. ಯಾವ ದಿನ ಬಾಗಿಲು ಹಾಕಿರುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ, ಅಷ್ಟೇ.

ಹಡಗಿನಲ್ಲಿ ಕಿಟಕಿ ಪಕ್ಕ, ಮುಂದಿನ ಸಾಲು ಅಂತ ಜಗಳ ಬೇಡ. ಮುಂಭಾಗವೇ ಹೆಚ್ಚು ಎದ್ದುಬೀಳುವುದು. ಮೇಲಿನ ಅಂತಸ್ತಿನ ಸೀಟಿಗೆ ದುಡ್ಡೂ ಹೆಚ್ಚು, ಓಲಾಟವೂ ಹೆಚ್ಚು. ಹೊಟ್ಟೆ ತೊಳಸುವವರನ್ನು ಕೆಳಗೆ, ನಡುಭಾಗದಲ್ಲಿ ಕೂರಿಸಿ. ಬೆಳಗ್ಗೆ ಎರಡು ಇಡ್ಲಿ ತಿನ್ನಿಸಿ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಪೂರಿ ಸಾಗುವಿನಿಂದ ತುಂಬಿರಲೂಬಾರದು. ವಾಂತಿಯ ಮಾತ್ರೆ ಬೇಕಾದವರು ಊರಲ್ಲೇ ಡಾಕ್ಟರನ್ನು ಕೇಳಿ, ಹಡಗು ಹತ್ತುವ ಮುಂಚೆಯೇ ನುಂಗಬೇಕು. ಓಲಾಟ ಶುರುವಾದ ಮೇಲೆ ಪರ್ಸು ತಡಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಗಡಿಯಾರ ಅದೇ ಇದ್ದರೂ ಸೂರ್ಯ ನಮ್ಮೂರಿನವನಲ್ಲ. ಆ ದ್ವೀಪಗಳು ಅಷ್ಟು ಪೂರ್ವಕ್ಕಿವೆ. ಏಪ್ರಿಲಿನಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಬೆಳಗಾಗಿ, ಸಂಜೆ ಐದೂವರೆ ಸುಮಾರಿಗೆ ಮುಳುಗಿಯೇ ಬಿಡುತ್ತಾನೆ. ರಜೆಯಲ್ಲವೇ ಅಂತ ಒಂಬತ್ತಕ್ಕೆ ಎದ್ದು, ಸ್ನಾನ, ತಿಂಡಿ, ತಲೆ ಬಾಚುವುದು ಮುಗಿಸಿ ಹನ್ನೊಂದಕ್ಕೆ ಹೊರಟರೆ ನೆತ್ತಿ ಸುಡುವ ಬಿಸಿಲು ಸಿಗುತ್ತದೆ, ಒಳ್ಳೆಯ ಹೊತ್ತೆಲ್ಲ ಕಳೆದಿರುತ್ತದೆ. ಐದಕ್ಕೆ ಎಬ್ಬಿಸಿ. ಏಳು ಗಂಟೆಯೊಳಗೆ ನೀರಲ್ಲಿರಲಿ ಮಕ್ಕಳು. ಹತ್ತಕ್ಕೆ ಹೊರಗೆ ಬಂದು ತಿಂಡಿ, ಮಧ್ಯಾಹ್ನ ಊಟ, ನಿದ್ದೆ, ಇಸ್ಪೀಟು, ಚೌಕಾಬಾರ. ಮೂರೂವರೆಗೆ ಮತ್ತೆ ಹೊರಡಿ. ಹ್ಯಾವ್‌ಲಾಕಿನ ರಾಧಾನಗರ ತೀರ ಪಡುವಣಕ್ಕೆ ಮುಖ ಮಾಡಿದೆ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಉತ್ತಮವೆಂದು ಹೊಗಳಿದ್ದು ಅದನ್ನೇ. ಸೂರ್ಯಾಸ್ತಕ್ಕೆ ಅಲ್ಲಿರಬೇಕಾದರೆ ಜೆಟ್ಟಿ ಕಡೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಹೋಗಬೇಕು. ವಾಪಸು ಬರುವ ಗಾಡಿಯನ್ನು ಹೋಗುವಾಗಲೇ ಗೊತ್ತುಮಾಡಿ, ಇಲ್ಲದಿದ್ದರೆ ಕತ್ತಲಲ್ಲಿ ಅಜ್ಜಿಯ ಜತೆ ರಸ್ತೆಯಲ್ಲಿ ನಿಲ್ಲುತ್ತೀರಿ.

ಪಂಚಾಂಗವನ್ನೂ ಒಮ್ಮೆ ತೆಗೆದು ನೋಡಿ. ನಗಬೇಡಿ, ಮುಹೂರ್ತಕ್ಕಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ನೀಲ್ ದ್ವೀಪದ ಕಲ್ಲಿನ ಕಮಾನು ಸೇತುವೆಗೆ ನಡೆದು ಹೋಗುವುದು ಇಳಿತದಲ್ಲಿ ಮಾತ್ರ. ಭರತದ ಹೊತ್ತಿಗೆ ಹೋದರೆ ದೂರದಿಂದ ಕೈ ಮುಗಿದು ಬರಬೇಕು. ಅದೇ ದ್ವೀಪದ ಭರತಪುರ ತೀರದಲ್ಲಿ ಇದಕ್ಕೆ ತಿರುಗಾಮುರುಗಾ. ನೀರು ತೀರಾ ಇಳಿದರೆ ಈಜಲಿಕ್ಕಿಲ್ಲ, ಹವಳದ ದಿಬ್ಬವೇ ಮೇಲೆ ಬಂದಿರುತ್ತದೆ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗಿಲ್ಲ. ದಿನಾ ಬೆಳಗ್ಗೆ ಹೋಟೆಲಿನ ಹುಡುಗನನ್ನು ಕೇಳಿದರೆ ಹೇಳುತ್ತಾನೆ. ಹವಳದ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಕಾಲು ಕೊಯ್ಯುತ್ತದೆ, ಹವಳವೂ ಸಾಯುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡಿ. ಉಪ್ಪುನೀರಿನ ಮೊಸಳೆ ಅಲ್ಲಿ ಕತೆಯಲ್ಲ, ನಿಜ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ವಿದೇಶದಿಂದ ಬಂದ ಹೆಣ್ಣುಮಗಳೊಬ್ಬಳನ್ನು ಅದು ಕೊಂದಿತ್ತು. ಬೋರ್ಡು ಹಾಕಿದ ಕಡೆ, ಹಳ್ಳ ಕಡಲಿಗೆ ಸೇರುವ ಕಡೆ, ಕಾಂಡ್ಲಾ ಕಾಡಿನ ಅಂಚಿನಲ್ಲಿ ಇಳಿಯಲೇಬಾರದು. ಲೈಫ್‌ಗಾರ್ಡ್ ಸೀಟಿ ಊದಿದರೆ ಹೊರಗೆ ಬನ್ನಿ, ಅವನೊಂದಿಗೆ ವಾದ ಬೇಡ. ಕುಡಿದು ನೀರಿಗಿಳಿಯುವ ಭಾವಂದಿರನ್ನು ತಡೆಯುವುದು ಅವರ ಹೆಂಡಂದಿರ ಕೆಲಸವಲ್ಲ, ನಿಮ್ಮೆಲ್ಲರ ಕೆಲಸ. ಪುಟ್ಟ ಮಕ್ಕಳು ನೀರಲ್ಲಿರುವಾಗ ಒಬ್ಬರ ಕಣ್ಣು ಅವರ ಮೇಲೇ ಇರಬೇಕು, ಯಾರ ಸರದಿಯೆಂದು ಹೆಸರು ಹಿಡಿದು ಹೇಳಿ. ಎಲ್ಲರೂ ನೋಡುತ್ತಿದ್ದಾರೆ ಅಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ಸ್ಕೂಬಾಕ್ಕೆ ಹೋಗುವವರು ಆಸ್ತಮಾ, ರಕ್ತದೊತ್ತಡವನ್ನು ಮುಚ್ಚಿಡಬೇಡಿ. ಹತ್ತು ವರ್ಷ ತುಂಬದ ಮಗುವಿನ ವಯಸ್ಸು ಸುಳ್ಳು ಹೇಳಿ ಕಳಿಸಬೇಡಿ. ಸ್ಕೂಬಾ ಆದ ಮೇಲೆ ಹದಿನೆಂಟು ಗಂಟೆ ವಿಮಾನ ಹತ್ತುವಂತಿಲ್ಲ. ಅದನ್ನು ಮೊದಲ ದಿನಗಳಲ್ಲೇ ಮುಗಿಸಿಕೊಳ್ಳಿ.

ವಯಸ್ಸಾದವರ ಬಿಪಿ, ಸಕ್ಕರೆ ಮಾತ್ರೆ ಎರಡು ಚೀಲದಲ್ಲಿ ಹಂಚಿಡಿ, ನಾಲ್ಕು ದಿನದ್ದು ಹೆಚ್ಚಿಗೇ ಇರಲಿ. ಹ್ಯಾವ್‌ಲಾಕಿನಲ್ಲಿ ಸಣ್ಣ ಆರೋಗ್ಯ ಕೇಂದ್ರವಿದೆ, ದೊಡ್ಡ ಆಸ್ಪತ್ರೆ ಬೇಕೆಂದರೆ ಮತ್ತೆ ಹಡಗು. ಸಂಜೆ ಮರಳ ನೊಣ ಕಡಿಯುತ್ತದೆ, ತುರಿಕೆ ವಾರಗಟ್ಟಲೆ ಬಿಡದು. ಕಾಲಿಗೆ ತೆಂಗಿನೆಣ್ಣೆ ಸವರಿ ಕೂರಿಸಿ. ನಗದು ಇಟ್ಟುಕೊಳ್ಳಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ, ಆದರೂ ಎಲ್ಲ ತೀರದಲ್ಲೂ ಫೋನಿನಿಂದ ದುಡ್ಡು ಕಟ್ಟಲಾಗುವುದಿಲ್ಲ.

ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯೋಣ, ಖರ್ಚು ಉಳಿಯುತ್ತದೆ ಅನ್ನುತ್ತೀರಲ್ಲ, ಅದಕ್ಕೂ ನನ್ನ ತಕರಾರಿದೆ. ಉಳಿಯುವುದು ನಿಮ್ಮ ಖರ್ಚು, ಸವೆಯುವುದು ಹೆಂಗಸರ ರಜೆ. ಮನೆಯಲ್ಲಿ ಸಾರು ಕುದಿಸಿದವಳು ಹಡಗು ಹತ್ತಿ ಹೋಗಿ ಅಲ್ಲೂ ಸಾರು ಕುದಿಸಬೇಕೆ? ಕೆಟಲಿನಲ್ಲಿ ಕಾಫಿ ಮಾಡಿಕೊಂಡರೆ ಸಾಕು. ಹ್ಯಾವ್‌ಲಾಕ್, ನೀಲ್‌ನಲ್ಲಿ ನೆಲೆಸಿರುವವರಲ್ಲಿ ಬಂಗಾಳಿಗಳೇ ಹೆಚ್ಚು. ಮೀನು ತಿನ್ನುವವರಿಗೆ ಹಬ್ಬ, ತಿನ್ನದವರಿಗೂ ಅನ್ನ, ಬೇಳೆ, ಪಲ್ಯಕ್ಕೆ ಮೋಸವಿಲ್ಲ. ನೀಲ್ ದ್ವೀಪ ತರಕಾರಿಗೇ ಹೆಸರಾದದ್ದು. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಕುಕ್ಕರ್ ಬೇಡ.

ದುಡ್ಡಿನ ಮಾತು ಹೊರಡುವ ಮೊದಲೇ ಆಗಲಿ. ಪ್ರತಿವರ್ಷ ಹೋಗುವುದಾದರೆ ತಿಂಗಳಿಗಿಷ್ಟು ಅಂತ ಪ್ರತಿ ಮನೆಯವರೂ ಒಂದೇ ಖಾತೆಗೆ ಹಾಕುತ್ತ ಬನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಹಾಸಿಗೆ ಚಿಕ್ಕದಿರುವ ತಮ್ಮನನ್ನು ನೋಡಿ ರೂಮು ಹಿಡಿಯಬೇಕು. ದೊಡ್ಡ ಸಂಬಳದವರ ರುಚಿಗೆ ರೆಸಾರ್ಟ್ ಹಿಡಿದರೆ ಮುಂದಿನ ವರ್ಷ ಅವನು ಬರುವುದಿಲ್ಲ.

ಬಾರಾಟಾಂಗಿನ ಸುಣ್ಣದಕಲ್ಲಿನ ಗುಹೆಗೆ ಹೋಗೋಣವೇ ಅಂತ ಏಜೆಂಟ್ ಕೇಳೇ ಕೇಳುತ್ತಾನೆ. ನಾನಾದರೆ ಬೇಡ ಅನ್ನುತ್ತೇನೆ. ಆ ರಸ್ತೆ ಜಾರವಾ ಆದಿವಾಸಿಗಳ ಕಾಡಿನ ನಡುವೆ ಹೋಗುತ್ತದೆ. ಅಲ್ಲಿ ಸಂಚಾರ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತ್ತು. ಹೋಗುವವರು ಹೋಗುತ್ತಲೇ ಇದ್ದಾರೆ. ನೀವೂ ಹೋದಿರೋ, ಕಿಟಕಿ ಏರಿಸಿ ಸುಮ್ಮನೆ ಕೂರಿ. ಫೋಟೋ ತೆಗೆಯುವುದು, ಬಿಸ್ಕತ್ತು ಎಸೆಯುವುದು ಅಪರಾಧ, ಅದಕ್ಕಿಂತ ಮೊದಲು ಅಸಹ್ಯ. ಹಾಗೆಯೇ ತೀರದಲ್ಲಿ ಬಿದ್ದ ಹವಳದ ತುಂಡು, ಚಿಪ್ಪು ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ಮೊಮ್ಮಗನ ಮುಂದೆ ತಾತ ತಲೆ ತಗ್ಗಿಸಿ ನಿಲ್ಲುವುದು ಬೇಕೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಊರಿಗೆ ಬಂದ ಮೇಲೆ, ಬಟ್ಟೆ ಒಗೆಯುವ ಮುಂಚೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ರೂಮಿಗೆ ಮೆಟ್ಟಿಲು ಕಡಿಮೆ, ಯಾವ ಡ್ರೈವರು ನಿಧಾನ ಓಡಿಸಿದ, ಯಾರಿಗೆ ಯಾವ ಮಾತ್ರೆ ಒಗ್ಗಲಿಲ್ಲ, ಒಟ್ಟು ಖರ್ಚೆಷ್ಟು. ಮುಂದಿನ ವರ್ಷಕ್ಕೆ ಹೊಸ ದ್ವೀಪ ಹುಡುಕುವ ಗೋಜು ಬೇಡ, ಅದೇ ಊರು, ಸಾಧ್ಯವಾದರೆ ಅದೇ ರೂಮು. ಈ ನೋಟ್‌ಬುಕ್ಕನ್ನು ಈ ಸಲ ಏನೂ ಕೆಲಸ ಮಾಡದೆ ತಿರುಗಾಡಿದವರ ಕೈಗೆ ಕೊಡಿ, ಮುಂದಿನ ಬುಕಿಂಗ್ ಅವರದೇ.